ಅಕ್ಕನ ಕಣ್ಣಿನ ಚೀಟಿ

ಆ ಕಾಲದಲ್ಲಿ ಹಾಗಲವಾಡಿ ಪಕ್ಕದ ನಮ್ಮೂರಿನಲ್ಲಿ ಕನ್ನಡಕವೆಂದರೆ ಹೆಡ್ಮೇಷ್ಟ್ರಿಗೆ, ಮಠದ ಅಯ್ಯನವರಿಗೆ ಮಾತ್ರ. ಮಕ್ಕಳ ಮೂಗಿನ ಮೇಲೆ ಅದನ್ನು ಯಾರೂ ಕಂಡಿರಲಿಲ್ಲ. ಮೊಮ್ಮಕ್ಕಳೇ, ಇದನ್ನು ನಿಮ್ಮೆದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಗಿರಿಜಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಫೇಲಾಗಿ ಫೇಲಾಗಿ ನನ್ನ ಜೊತೆಗೇ ಐದನೇ ಕ್ಲಾಸಿನಲ್ಲಿ ಕೂರುತ್ತಿದ್ದಳು. ಬೋರ್ಡಿನ ಮೇಲೆ ಬರೆದದ್ದು ಅವಳಿಗೆ ಕಾಣುತ್ತಿರಲಿಲ್ಲ. ಕುಂಟೆಬಿಲ್ಲೆ ಆಡುವಾಗ ಗೆರೆ ತುಳಿದು ಔಟಾಗುತ್ತಿದ್ದಳು. "ಬೇಕಂತ್ಲೇ ತುಳೀತೀಯೇನಕ್ಕ" ಎಂದು ರೇಗಿಸುತ್ತಿದ್ದೆ. ಆದರೂ ಶಾಲೆಯೆಂದರೆ ಅವಳಿಗೆ ಪ್ರಾಣ. ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದಿ, ಪದ್ಯಗಳನ್ನೆಲ್ಲ ಬಾಯಿಪಾಠ ಮಾಡಿ, ಸಂಜೆ ಅವರೆಕಾಯಿ ಸುಲಿಯುತ್ತಾ ಒಂದೂ ತಪ್ಪದೆ ಹೇಳುತ್ತಿದ್ದಳು.

ಆ ಚಳಿಗಾಲದಲ್ಲಿ ಶಾಲೆಗೆ ಕಣ್ಣಿನ ಡಾಕ್ಟರು ಬರುತ್ತಾರೆಂದು ಗೊತ್ತಾದಾಗ ಅಪ್ಪ ತೀರ್ಮಾನ ಮಾಡಿಬಿಟ್ಟರು. "ಕಣ್ಣಲ್ಲಿ ಏನಾರ ದೋಷ ಇದ್ರೆ ತುಮಕೂರಿಗೆ ಕರ್ಕೊಂಡೋಗಿ ಕನ್ನಡ್ಕ ಹಾಕುಸ್ತೀನಿ. ಕಣ್ಣು ನೆಟ್ಟಗಿದ್ರೆ ಇವ್ಳಿಗೆ ಓದಿದ್ದು ಸಾಕು."

ಡಾಕ್ಟರು ಒಂದು ಕಬ್ಬಿಣದ ಕನ್ನಡಕಕ್ಕೆ ಗಾಜು ತೂರಿಸಿ ತೂರಿಸಿ ಅಕ್ಕನಿಗೆ ಅಕ್ಷರ ಓದಿಸಿದರಂತೆ. ಅವಳು ಕೈಯಲ್ಲಿ ಚೀಟಿ ಹಿಡಿದು ಹೊರಗೆ ಓಡಿಬಂದಳು.

"ಪುಟ್ಟಿ, ಅದನ್ನ ಹಾಕ್ಕೊಂಡು ಕಿಟಕೀಲಿ ನೋಡ್ದೆ. ಹುಣಸೆಮರದ ಎಲೆ ಒಂದೊಂದೂ ಬ್ಯಾರೆ ಬ್ಯಾರೆ ಕಾಣ್ತೈತೆ ಕಣೇ. ನಿಂಗೆ ದಿನಾ ಹಂಗೇ ಕಾಣ್ತೈತಾ?"

"ಇನ್ನೇನು, ಮುದ್ದೆ ಥರ ಕಾಣ್ತೈತಾ?" ಎಂದೆ.

ಅವಳು ನಗಲಿಲ್ಲ.

ಸಂಜೆ ಮನೆಯೆಲ್ಲ ಸೊಗಡವರೆ ಸಾರಿನ ಘಮ. ಅಪ್ಪ, ಅಮ್ಮನಿಗೆ ಓದು ಬರುತ್ತಿರಲಿಲ್ಲ. ಕ್ಲಾಸಿಗೆ ಫಸ್ಟ್ ಬರುತ್ತಿದ್ದವಳು ನಾನು. ಅಪ್ಪ ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಮೇಲೆ ಯಾವುದೋ ಅಂಕಿ, ಅದರ ಎಡಕ್ಕೆ ಒಂದು ಸಣ್ಣ ಅಡ್ಡಗೆರೆ. ತಿಳಿಯಲಿಲ್ಲ, ಬಿಟ್ಟೆ. ಕೆಳಗೆ ಎರಡು ಕಡೆ 6/6 ಎಂದಿತ್ತು. ಮೇಷ್ಟ್ರು ನಮ್ಮ ಸ್ಲೇಟಿನ ಮೇಲೆ ಮಾರ್ಕ್ಸ್ ಹಾಕುತ್ತಿದ್ದದ್ದೂ ಹಾಗೆಯೇ.

"ಆರಕ್ಕೆ ಆರು ಕಣಪ್ಪ. ಎರಡು ಕಣ್ಣಿಗೂ ಪೂರ್ತಿ ಮಾರ್ಕ್ಸು."

"ಅದು ಆ ಕನ್ನಡ್ಕ ಹಾಕ್ಕೊಂಡಾಗ ಕಂಡಿದ್ದು ಕಣಪ್ಪ" ಎಂದಳು ಅಕ್ಕ.

"ಹಂಗಾದ್ರೆ ಡಾಕ್ಟ್ರು ಬರ್ದಿರೋದು ಸುಳ್ಳಾ?" ಇದನ್ನು ಹೇಳಿದವಳೂ ನಾನೇ.

ಅಪ್ಪ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಚಿಟ್ಟರು. "ಬುಡವ್ವ ಗಿರಿಜ. ನಾಳೆಯಿಂದ ದನದ ಜೊತೆ ಹೋಗು."

ಮರುದಿನ ಅಕ್ಕ ನನಗೆ ಜಡೆ ಹೆಣೆದು, ಶಾಲೆಗೆ ಕಳಿಸಿ, ಬಾಗಿಲಲ್ಲೇ ನಿಂತಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮುಂದೆಯೂ ಎಂದೂ ಅನ್ನಲಿಲ್ಲ. ಕುಣಿಗಲ್ ಕಡೆಯ ಹಳ್ಳಿಗೆ ಮದುವೆಯಾಗಿ ಹೋದಳು. ನಿಮ್ಮ ತಾತ ತೀರಿಕೊಂಡ ದಿನ ಬಂದವಳು ಬಾಗಿಲಲ್ಲಿ ನಿಂತು, ಎದುರಿಗೇ ಕೂತಿದ್ದ ನನ್ನ ಕಡೆ ತಿರುಗಿ, "ಪುಟ್ಟಿ ಎಲ್ಲವ್ಳೆ?" ಎಂದು ಕೇಳಿದಳು. ದುಃಖಕ್ಕೆ ಹಾಗೆ ಕೇಳಿದಳು ಎಂದುಕೊಂಡೆ.

ಹೋದ ವರ್ಷ ನಿಮ್ಮಲ್ಲಿ ಕಿರಿಯವಳಿಗೆ ಕನ್ನಡಕ ಮಾಡಿಸಲು ಶೆಟ್ಟಿಹಳ್ಳಿಯ ಅಂಗಡಿಗೆ ಹೋಗಿದ್ದೆ. ಚೀಟಿಯಲ್ಲಿ ಅದೇ 6/6 ಕಂಡಿತು. "ಕಣ್ಣು ಸರಿಯಾಗಿದೆಯಲ್ಲಮ್ಮ, ಕನ್ನಡಕ ಯಾಕೆ?" ಎಂದೆ.

ಅಂಗಡಿಯ ಹುಡುಗಿ ನಕ್ಕಳು. "ಇಲ್ಲ ಅಜ್ಜಿ, ಮೇಲಿರೋ ಮೈನಸ್ ನಂಬರ್ರೇ ಪವರ್ರು. ಕೆಳಗಿರೋದು ಗ್ಲಾಸ್ ಹಾಕ್ಕೊಂಡ್ಮೇಲೆ ಎಷ್ಟು ಚೆನ್ನಾಗಿ ಕಾಣುತ್ತೆ ಅಂತ."

ಅಕ್ಕ ಆವತ್ತು ಹೇಳಿದ್ದೂ ಅದನ್ನೇ. ಅವಳು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

ಬೋರ್ಡು, ಬಸ್ಸಿನ ಹೆಸರು, ದಾರಿಯಲ್ಲಿ ಎದುರಾಗುವವರ ಮುಖ, ಅಂಗಳದಾಚೆ ಆಡುತ್ತಿದ್ದ ತನ್ನದೇ ಮಕ್ಕಳು, ಇವು ಯಾವುವೂ ಅವಳಿಗೆ ನೆಟ್ಟಗೆ ಕಂಡಿರಲಿಲ್ಲ. ಹಬ್ಬಕ್ಕೆ ಬಂದಾಗಲೆಲ್ಲ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಮೂಗಿನ ಹತ್ತಿರಕ್ಕೆ ಎಳೆದುಕೊಂಡು, ಬಹಳ ಹೊತ್ತು ನೋಡುತ್ತಿದ್ದಳು. ಅದನ್ನು ಬರೀ ಪ್ರೀತಿ ಅಂದುಕೊಂಡಿದ್ದೆ. ಹಾಗೆ ಎಳೆದುಕೊಂಡು ನನ್ನನ್ನು ನೋಡುವವರು ಈಗ ಯಾರೂ ಇಲ್ಲ.