ಆ ಕಾಗದದೊಳಗಿನ ಖುಷಿ

ಹೋದ ವಾರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದೆವು. ನನಗಾದ ಹಿಗ್ಗು ಎಷ್ಟೆಂದರೆ ಬಂದವರಿಗೆಲ್ಲ ಎರಡೆರಡು ಸಲ ಸಕ್ಕರೆ ಕೊಟ್ಟೆನಂತೆ, ಮಗ ಈಗಲೂ ನಗುತ್ತಾನೆ. ಮನೆ ತುಂಬ ಖುಷಿ, ಖುಷಿ ಎನ್ನುವ ಮಾತೇ. ಆದರೆ ಆ ಮಾತು ಕಿವಿಗೆ ಬಿದ್ದರೆ ಯಾರು ಅಂದರು, ಯಾಕೆ ಅಂದರು ಎಂದು ನಾನು ಒಂದು ಸಲ ತಿರುಗಿ ನೋಡುತ್ತೇನೆ. ಅದಕ್ಕೆ ಕಾರಣ ಒಂದು ಸರಕಾರಿ ಕಾಗದ.

ನಾನು ತಿಕೋಟಾದ ಮಗಳು. ಅಲ್ಲಿ ಎರಡು ಇಯತ್ತೆ ಕಲಿತು ಬಬಲೇಶ್ವರಕ್ಕೆ ಸೊಸೆಯಾಗಿ ಬಂದೆ. ಬ್ರಿಟಿಷರು ಇನ್ನೂ ಇದ್ದರು, ಯುದ್ಧ ನಡೆದಿತ್ತು. ಊರ ಹಳ್ಳದ ದಂಡೆಯಲ್ಲಿ ಬುಟ್ಟಿ ಹೆಣೆಯುವವರ ಎಂಟ್ಹತ್ತು ಗುಡಿಸಲು. ಅವರ ಮನೆಮಾತು ಬೇರೆ, ದೇವರು ಬೇರೆ. ಸರಕಾರದ ದಫ್ತರದಲ್ಲಿ ಅವರ ಕುಲಕ್ಕೆಲ್ಲ ಕಳ್ಳರೆಂದು ಹೆಸರು, ಹುಟ್ಟಿದ ಕೂಸೂ ಕಳ್ಳನೇ. ಅವರಲ್ಲಿ ಒಬ್ಬಾಕೆ ಹುಟ್ಟಲಿದ್ದ ನನ್ನ ಚೊಚ್ಚಲ ಕೂಸಿಗೆ ಬಿದಿರಿನ ತೊಟ್ಟಿಲು ಹೆಣೆಯುತ್ತಿದ್ದಳು.

ಒಂದು ಮುಂಜಾನೆ ನೀರಿಗೆ ಹೋದಾಗ ಪೊಲೀಸರು ಗುಡಿಸಲು ಕೀಳುತ್ತಿದ್ದರು. ಹೆಂಗಸರು ಬಾಯಿ ಬಡಿದುಕೊಂಡು ಅಳುತ್ತಿದ್ದರು. ಎಲ್ಲರನ್ನೂ ಬಂಡಿಗೆ ಹೇರಿ ಅಥಣಿ ರಸ್ತೆ ಹಿಡಿಸಿದರು. ಅರ್ಧ ಹೆಣೆದ ತೊಟ್ಟಿಲು ಕೆಸರಿನಲ್ಲಿ ಬಿದ್ದಿತ್ತು.

ಮಧ್ಯಾಹ್ನ ಮಾವ ಚಾವಡಿಯಿಂದ ನೀಲಿ ಹೆಬ್ಬೆರಳು ಹೊತ್ತು ಬಂದರು. ಪಂಚರಲ್ಲಿ ಒಬ್ಬರಾಗಿ ಸಾಕ್ಷಿ ಹಾಕಿದ್ದರು.

"ಏನ್ ಬರದಾರ?" ಅತ್ತೆ ಕೇಳಿದರು.

"ಹಳ್ಳದ ಜಾಗಾ ಖಾಲಿ ಆಗೇತಿ ಅಂತ."

"ಓದಿದವ್ರು ಯಾರು?"

"ತಲಾಟಿ," ಎಂದರು. ಊರ ಕಂದಾಯದ ಲೆಕ್ಕ ಬರೆಯುವವನು ಅವನು.

"ಅವ ಬರದದ್ದು ಅವನ ಓದಿದ. ನೀ ಬೆರಳ ಕೊಟ್ಟಿ. ಭಾಳ ಶ್ಯಾಣ್ಯಾ!"

ಹೆರಿಗೆಗೆ ತವರಿಗೆ ಹೋದೆ. ಗಂಡುಮಗು ಹುಟ್ಟಿ ಮೂರು ತಿಂಗಳಾದ ಮೇಲೆ ಒಂದು ದಿನ ಆ ಬುಟ್ಟಿಯಾಕೆ ಹಿತ್ತಲಿಗೆ ಬಂದು ನಿಂತಳು. ತಿಕೋಟಾದಾಚೆ ಬಯಲಿನಲ್ಲಿ ಅವರನ್ನು ಇಳಿಸಿಹೋಗಿದ್ದರು. ವಿಜಾಪುರದ ಕಚೇರಿಗೆ ಅರ್ಜಿ ಕೊಟ್ಟಿದ್ದರಂತೆ. ಬಂದ ಉತ್ತರವನ್ನು ಬುಟ್ಟಿಯಿಂದ ತೆಗೆದಳು.

"ಓದ ತಂಗಿ. ಇದ್ದದ್ದು ಇದ್ದಂಗ ಓದು. ನಿಮ್ಮ ಮಂದೀನ ಉಳಸಾಕ ಸುಳ್ಳ ಓದಬ್ಯಾಡ ಮತ್ತ."

ಅಕ್ಷರ ಕೂಡಿಸಿ ಓದಿದೆ: 'ಸದರಿ ಜನರು ರಾಜೀಖುಷಿಯಿಂದ ಜಾಗ ಬಿಟ್ಟು ಹೋಗಿರುತ್ತಾರೆ.' ಕೆಳಗೆ ಪಂಚರ ಹೆಸರು. ಮೂರನೆಯದು ನಮ್ಮ ಮಾವನದು. ನಾಲಿಗೆ ಅಲ್ಲೇ ನಿಂತಿತು.

"ಯಾಕ ನಿಂತಿ?"

ಓದಿದೆ.

"ಖುಷೀಲೇ ಹೋದ್ವಂತ! ಪೊಲೀಸನ ಬಡಿಗೀಗೆ ಖುಷಿ ಆಗಿತ್ತೇನೋ," ಎಂದಳು. ಬರುವ ತಿಂಗಳು ಸಾಹೇಬನೊಬ್ಬ ವಿಚಾರಣೆಗೆ ಬಬಲೇಶ್ವರಕ್ಕೆ ಬರುವವನಿದ್ದಾನೆಂದೂ ಆ ಕಾಗದದಲ್ಲಿತ್ತು. ಪಂಚರಲ್ಲಿ ಒಬ್ಬರಾದರೂ ನಿಜ ಹೇಳಿದರೆ ಅವರು ತಿರುಗಿ ಬರಬಹುದಿತ್ತು. "ನಿಮ್ಮ ಮಾವ ಹೇಳ್ಯಾನೇನ?" ಎಂದು ಕೇಳಿದಳು.

ಮಾವನ ಎದುರು ಸೊಸೆ ಬಾಯಿ ಬಿಡುವ ಕಾಲ ಅದಲ್ಲ. ಊರಿಗೆ ಮರಳಿದ ಮೇಲೆ ಅವರ ಕಿವಿಗೆ ಬೀಳುವ ಹಾಗೆ ಆ ಕಾಗದದ ಸಂಗತಿ ಅತ್ತೆಗೆ ಹೇಳಿದೆ. ಮಾವ ಗೋಡೆ ನೋಡುತ್ತ, "ಎರಡ ಇಯತ್ತೆ ಕಲತಾಕಿ, ತಪ್ಪ ಓದಿರಬೇಕು," ಎಂದರು. ಆಮೇಲೆ, "ಆ ಕಾಗದ ಖರೇದ ಅಂತ ಏನ ಖಾತ್ರಿ?" ಇವರಿಗೆ ಮೊದಲೇ ಗೊತ್ತಿತ್ತೇನೋ ಎಂಬ ಸಂಶಯ ನನಗೆ. ಬಡಿಸುವಾಗ ಅವರ ಹೆಬ್ಬೆರಳನ್ನೇ ನೋಡುತ್ತಿದ್ದೆ. ಅವರೂ ಅದನ್ನು ಮಡಚಿಕೊಂಡು ಉಣ್ಣುತ್ತಿದ್ದರು.

ಸಾಹೇಬ ಬಂದ ದಿನ ಮಾವ ತಲೆಗೆ ಪಟಕ ಸುತ್ತಿಕೊಳ್ಳುತ್ತ ಅತ್ತೆಗೆ, "ಸೊಸಿಗೂ ಬಾ ಅಂತ ಹೇಳು," ಎಂದರು.

ಚಾವಡಿಯಲ್ಲಿ ಸಾಹೇಬ ಕೇಳಿದ, "ಈ ಹೆಬ್ಬೆಟ್ಟು ನಿನ್ನದೇ?"

"ಹೆಬ್ಬೆಟ್ಟು ನಂದರಿ. ಮಾತು ನಂದಲ್ರಿ. ಅವ್ರು ಅತ್ಕೋತ ಹೋದ್ರು, ಕಣ್ಣಾರೆ ನೋಡೇನಿ."

"ಎಬ್ಬಿಸಲು ಹುಕುಂ ಯಾರು ಕೊಟ್ಟರು?"

ಪೊಲೀಸ್ ಫೌಜದಾರ ತಲಾಟಿಯ ಮುಖ ನೋಡಿದ, ತಲಾಟಿ ಫೌಜದಾರನ ಮುಖ ನೋಡಿದ. "ಮೇಲಿನಿಂದ ಬಂದಿತ್ರಿ," ಎಂದ ಫೌಜದಾರ.

"ಮ್ಯಾಲ ಹಂಚ ಅದಾವ್ರಿ," ಎಂದರು ಮಾವ. ಮಂದಿ ನಕ್ಕರು, ಸಾಹೇಬ ನಗಲಿಲ್ಲ.

ಕಾರಕೂನ ಮಾವ ಹೇಳಿದ್ದನ್ನು ಜಬಾನಿಯೆಂದು ಬರೆದು ಶಾಯಿ ಮುಂದಿಟ್ಟ. ಮಾವ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ಮೊದಲ ನಮ್ಮ ಸೊಸಿ ಓದ್ಲಿರಿ."

ಎಲ್ಲರೂ ನನ್ನತ್ತ ತಿರುಗಿದರು. ಕಾಗದದ ಮೇಲೆ ಇರುವೆ ಹರಿದಂಥ ಬರಹ, ಒಂದಕ್ಷರವೂ ತಿಳಿಯಲಿಲ್ಲ. ಬೇಕಂತಲೇ ಹಾಗೆ ಬರೆದನೇ? ಸೆರಗು ಎಳೆದುಕೊಂಡು, "ದುಂಡಗ ಬರೀರಿ," ಎಂದೆ. ಕಾರಕೂನ ಗೊಣಗಿದ. ಸಾಹೇಬ ಹೂಂ ಎಂದ ಮೇಲೆ ಹೊಸ ಹಾಳೆ ತೆಗೆದ. ನಾನು ಬೆರಳಿಟ್ಟು ತಲೆಯಿಂದ ತುದಿವರೆಗೆ ಎರಡು ಸಲ ಓದಿದೆ.

ಮಾವ ಮೊದಲ ಸಲ ನನ್ನ ಕೂಡ ನೇರ ಮಾತಾಡಿದರು. "ಅದರಾಗ ಖುಷಿ ಐತೇನವಾ?"

"ಇಲ್ರಿ ಮಾವ. ಎಲ್ಲೂ ಇಲ್ಲ."

ಆಗ ಬೆರಳೊತ್ತಿದರು.

ಬಿಳಿಜೋಳದ ರಾಶಿ ಹೊತ್ತಿಗೆ ಹಳ್ಳದ ದಂಡೆಯಲ್ಲಿ ಗುಡಿಸಲು ಎದ್ದವು. ಹುಕುಂ ಯಾರದೆಂದು ಕೇಳಿ ಬುಟ್ಟಿಯವರು ಇನ್ನೆರಡು ಅರ್ಜಿ ಬರೆಸಿದರು. ಬಂದ ಉತ್ತರ ನಾನೇ ಓದಿದೆ: 'ಮೇಲಿನ ಆದೇಶದಂತೆ.' ಆ ಮೇಲಿನವನು ಯಾರೆಂದು ಇವತ್ತಿಗೂ ಯಾರೂ ಬರೆದುಕೊಟ್ಟಿಲ್ಲ.

ಬುಟ್ಟಿಯಾಕೆ ಹೊಸ ತೊಟ್ಟಿಲು ಹೆಣೆದು ತಂದಳು. ಅಷ್ಟರಲ್ಲಿ ಮಗ ಎದ್ದು ಕೂಡ್ರುವವನಾಗಿದ್ದ, ಅದರಲ್ಲಿ ಹಿಡಿಸಲಿಲ್ಲ. ಅವನ ಬೆನ್ನಿಗೆ ಬೇರೆ ಮಕ್ಕಳಾಗಲಿಲ್ಲ, ಅಟ್ಟಕ್ಕೇರಿಸಿದ್ದೆ. ಹೋದ ವಾರ ಇಳಿಸಿದೆವು. ಅವನ ಮಗಳು ಹಿಡಿಸಿದಳು.