ಆಚೆ ಅಂದರೆ ಎಲ್ಲಿ?

ಅದು ಎಂಬತ್ತೊಂಬತ್ತನೇ ಇಸವಿ. ಮುಂಬೈ ಬಂದರಿನಲ್ಲಿ ಕಾವಲಿನ ಗುತ್ತಿಗೆ ಹಿಡಿದಿದ್ದ ಒಂದು ಖಾಸಗಿ ಕಂಪನಿಯಲ್ಲಿ ನಾನು ಕೆಲಸಕ್ಕಿದ್ದೆ. ನನ್ನ ಊರು ಮಂಡ್ಯದ ಕಡೆ, ಓದಿದ್ದು ಎಸ್ಸೆಸ್ಸೆಲ್ಸಿ. ಕಾಂದಿವಲಿಯ ಚಾಳಿನಿಂದ ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ ಡ್ಯೂಟಿಗೆ ಹೋಗುತ್ತಿದ್ದೆ.

ಆ ವರ್ಷ ಶೆಡ್ಡುಗಳಿಂದ ಮಾಲು ಕಳುವಾಗುವುದು ಹೆಚ್ಚಾಗಿ, ನಮ್ಮ ಸಾವಂತ್ ಸಾಹೇಬರು ಒಂದು ಹೊಸ ಏರ್ಪಾಡು ಮಾಡಿದರು. ಜೀಪಿನಲ್ಲಿ ವಿಡಿಯೋ ಕ್ಯಾಮೆರಾ ಹೊತ್ತ ಒಬ್ಬ ಮನುಷ್ಯ. ಗಾರ್ಡುಗಳ ಕೈಗೆ ವಾಕಿಟಾಕಿ. ಕಂಟ್ರೋಲ್ ರೂಮಿನ ಗೋಡೆಗೆ ಬಂದರಿನ ದೊಡ್ಡ ನಕ್ಷೆ, ಅದರ ಮುಂದೆ ನಾನು. ಗಾರ್ಡು ಕೂಗಿ ಹೇಳಿದ ಜಾಗಕ್ಕೆ ನಾನು ಕೆಂಪು ಪಿನ್ನು ಚುಚ್ಚಿ, ಜೀಪನ್ನು ಅಲ್ಲಿಗೆ ಓಡಿಸಬೇಕು. ಕಳ್ಳರು ಮಾಲು ಹೊರುತ್ತಿರುವಾಗಲೇ ಕ್ಯಾಮೆರಾಕ್ಕೆ ಸಿಗಬೇಕು. "ಟೇಪ್ ಕಭೀ ಝೂಟ್ ನಹೀಂ ಬೋಲೇಗಾ," ಟೇಪು ಎಂದೂ ಸುಳ್ಳು ಹೇಳುವುದಿಲ್ಲ ಎಂದು ಸಾಹೇಬರು ಹೆಮ್ಮೆಪಡುತ್ತಿದ್ದರು.

ಸಮುದ್ರದ ಅಂಚಿನ ಶೆಡ್ಡಿಗೆ ಬಿಜಾಪುರ ಕಡೆಯ ಭೀಮಪ್ಪ ಗಾರ್ಡು. ಅವನಿಗೆ ಹಿಂದಿ ಅಷ್ಟಕ್ಕಷ್ಟೆ. ಹಾಗಾಗಿ ವಾಕಿಟಾಕಿಯಲ್ಲೂ ನಮ್ಮಿಬ್ಬರದು ಕನ್ನಡವೇ. ಊಟಕ್ಕೆ ಕೂತಾಗ ರೇಗಿಸುತ್ತಿದ್ದ: "ಏನ್ ಕನ್ನಡ್ರೀ ಸಾಹೇಬ್ರ ನಿಮ್ಮದು? ಬಾಯಾಗ ಬೆಣ್ಣಿ ಇಟ್ಕೊಂಡು ಮಾತಾಡಿದಂಗ ಅದ." ನಾನೂ ಬಿಡುತ್ತಿರಲಿಲ್ಲ. "ನೀನು ಕ್ಷೇಮ ವಿಚಾರಿಸಿದ್ರೂ ಜಗಳಕ್ಕೆ ಬಂದಂಗಿರುತ್ತೆ ಕಣಯ್ಯ!"

ಒಂದು ಮಧ್ಯಾಹ್ನ ವಾಕಿಟಾಕಿ ಕರಕರ ಎಂದಿತು. "ಸಾಹೇಬ್ರ, ಮಂದಿ ಬಂದಾರ! ಪೆಟಗಿ ಹೊರಲಿಕ್ಕತ್ತಾರ! ಆಚಿಗೆ ಅದಾರ್ರಿ, ಲಗೂ ಕಳಸ್ರಿ!"

"ಆಚೆಗಾ?" ಎಂದೆ.

"ಹೂನ್ರಿ, ಆಚಿಗೆ, ಆಚಿಗೆ!"

ನಮ್ಮ ಕಡೆ ಆಚೆ ಎಂದರೆ ಹೊರಗೆ. ಕಾಂಪೌಂಡಿನ ಹೊರಗಿನ ರಸ್ತೆಗೆ ಪಿನ್ನು ಚುಚ್ಚಿದೆ. ಜೀಪು ಗೇಟು ದಾಟಿ ಹೊರಗೆ ಓಡಿತು. ಅಷ್ಟರಲ್ಲಿ ಶೆಡ್ಡಿನ ಹಿಂಬದಿಯಲ್ಲಿ, ನೀರಿನ ಕಡೆ, ಪೆಟ್ಟಿಗೆಗಳು ದೋಣಿಗೆ ಇಳಿದು ಹೋಗಿದ್ದವು.

ಸಂಜೆ ಸಾಹೇಬರು ಟೇಪು ಹಾಕಿ ತೋರಿಸಿದರು. ಚಹಾ ಅಂಗಡಿ, ಒಂದು ಕೈಗಾಡಿ, ಅದರ ನೆರಳಲ್ಲಿ ಮಲಗಿದ ನಾಯಿ. "ಯೇ ಕುತ್ತಾ ಚೋರ್ ಹೈ ಕ್ಯಾ?" ಎಂದು ಗುಡುಗಿದರು. ಭೀಮಪ್ಪ ಬೇಕೆಂದೇ ತಪ್ಪು ಜಾಗ ಹೇಳಿದ್ದಾನೆ, ಕಳ್ಳರ ಜೊತೆ ಸೇರಿದ್ದಾನೆ ಎಂಬುದು ಅವರ ತೀರ್ಮಾನ. ಅವನು ಹೇಳಿದ್ದೇನು ಎಂದು ನನ್ನನ್ನು ಕೇಳಿದರು.

"ಬಾಹರ್ ಬೋಲಾ, ಸರ್."

ಭೀಮಪ್ಪ ಕಣ್ಣು ಕಣ್ಣು ಬಿಟ್ಟ. "ಸುಳ್ಳು ಹೇಳಬ್ಯಾಡ್ರಿ ಸಾಹೇಬ್ರ. ಹೊರಗ ಅಂತ ನಾ ಎಲ್ಲಿ ಅಂದೆ? ಆಚಿಗೆ ಅಂದೆ."

"ಅದನ್ನೇ ತಾನೇ ನಾನೂ ಹೇಳ್ತಿರೋದು? ಆಚೆಗೆ ಅಂದೆ ನೀನು!"

ಅವನು ನನ್ನ ಮುಖ ನೋಡಿದ, ನಾನು ಅವನದು. ಇಬ್ಬರಲ್ಲಿ ಯಾರಿಗೆ ತಲೆ ಕೆಟ್ಟಿದೆಯೋ ನನಗೆ ತಿಳಿಯಲಿಲ್ಲ. ಅವತ್ತೇ ಅವನ ಯೂನಿಫಾರ್ಮ್ ಬಿಚ್ಚಿಸಿ ಕೆಲಸದಿಂದ ತೆಗೆದರು. ಬಾಗಿಲಲ್ಲಿ ನಿಂತು ಇಷ್ಟೇ ಅಂದ: "ನಮ್ಮ ಭಾಷಾದವ್ರು ಅಂತ ನಂಬಿದ್ನಲ್ರೀ."

ಸ್ವಲ್ಪ ದಿನದ ಮೇಲೆ ದಾದರಿನಲ್ಲಿ ಗಾಡಿಗೆ ಕಾಯುತ್ತ ಕನ್ನಡ ಪೇಪರು ಓದುತ್ತಿದ್ದೆ. ಗಂಟುಮೂಟೆ ಹೊತ್ತವನೊಬ್ಬ ಅದನ್ನು ನೋಡಿ ಹತ್ತಿರ ಬಂದು, ಹಳಿಗಳ ಮೇಲಿಂದ ಎದುರು ಪ್ಲಾಟ್‌ಫಾರ್ಮಿನ ಕಡೆ ಕೈ ತೋರಿಸಿದ. "ಅಣ್ಣಾರ, ಆಚಿಗೆ ನಿಂತದಲ್ಲ, ಆ ಗಾಡಿ ಕಲ್ಯಾಣಕ್ಕ ಹೋಗ್ತದೇನ್ರಿ?"

ಆಚಿಗೆ. ಹೊರಗೆ ಅಲ್ಲ, ಆ ಬದಿಗೆ. ಶೆಡ್ಡಿನ ಆ ಬದಿಗೆ! ನನ್ನ ಗಾಡಿ ಬಂದು ಹೋದದ್ದೂ ಗೊತ್ತಾಗಲಿಲ್ಲ.

ಮಾರನೆಯ ದಿನವೇ ಸಾಹೇಬರ ಮುಂದೆ ನಿಂತು, ಅವನ ಕನ್ನಡ ಬೇರೆ, ನನ್ನದು ಬೇರೆ ಎಂದು ತಡವರಿಸಿದೆ. ಅವರು ಗಹಗಹಿಸಿ ನಕ್ಕರು. "ಕನ್ನಡ ಭೀ ದೋ ಹೋತಾ ಹೈ ಕ್ಯಾ?" ಕನ್ನಡದಲ್ಲೂ ಎರಡಿರುತ್ತವೆಯೇ ಎಂದು. ಆಮೇಲೆ ನಗು ನಿಲ್ಲಿಸಿ, "ಪಿನ್ ಕಿಸ್ನೇ ಲಗಾಯಾ ಥಾ? ತುಮ್ನೇ ನಾ?" ಎಂದರು.

ಪಿನ್ನು ಚುಚ್ಚಿದವನು ನಾನೇ. ಮುಂದೆ ಬಿಚ್ಚಬೇಕಾದ ಯೂನಿಫಾರ್ಮ್ ನನ್ನದು ಎಂದು ಅರ್ಥವಾಯಿತು. "ಮಜಾಕ್ ಕಿಯಾ, ಸರ್," ಎಂದು ನಾನೂ ನಕ್ಕುಬಿಟ್ಟೆ. ಅವನಿಗಾಗಿ ಒಂದು ಮಾತು ಆಡಲು ಹೋದವನು ಅದನ್ನು ತಮಾಷೆ ಮಾಡಿ ಬಂದೆ.

ಆ ಭಾನುವಾರ ಭೀಮಪ್ಪನ ವಿಳಾಸ ಹುಡುಕಿಕೊಂಡು ಅಂಧೇರಿಗೆ ಹೋದೆ. ತಗಡಿನ ಖೋಲಿಯ ಬಾಗಿಲಲ್ಲಿ ಅವನ ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ಭೀಮಪ್ಪ ಎಲ್ಲಿದ್ದಾನಮ್ಮ ಎಂದೆ. ತಲೆ ಎತ್ತದೆ, "ಆಚಿಗೆ ಹೋಗ್ಯಾರ್ರಿ," ಎಂದಳು.

ಈ ಸಲ ನನಗೆ ಸರಿಯಾಗಿಯೇ ಅರ್ಥವಾಯಿತು. ರಸ್ತೆಯ ಆ ಬದಿಗೆ ಒಂದು ಬಿಲ್ಡಿಂಗ್ ಏಳುತ್ತಿತ್ತು. ಭೀಮಪ್ಪ ತಲೆಯ ಮೇಲೆ ಇಟ್ಟಿಗೆ ಹೊತ್ತು ಹಲಗೆ ಹತ್ತುತ್ತಿದ್ದ. ಒಂದು ರಸ್ತೆ ದಾಟಿದ್ದರೆ ಸಾಕಿತ್ತು. ಬಸ್ಸುಗಳು ಹೋದವು, ರಸ್ತೆ ಖಾಲಿಯಾಯಿತು, ಮತ್ತೆ ಬಸ್ಸುಗಳು ಬಂದವು. ಸಾಹೇಬರ ಮುಂದೆ ನಕ್ಕಿದ್ದನ್ನು ಯಾವ ಬಾಯಲ್ಲಿ ಹೇಳಲಿ? ರಿಕ್ಷಾ ಹತ್ತಿ ಸ್ಟೇಷನ್ನಿಗೆ ಬಂದುಬಿಟ್ಟೆ. ಮತ್ತೆ ಅವನನ್ನು ನೋಡಲಿಲ್ಲ.

ಈಗ ಮೊಮ್ಮಗ ಫೋನಿನಲ್ಲೇ ತಾನಿರುವ ಜಾಗದ ಚುಕ್ಕೆ ಕಳಿಸುತ್ತಾನೆ, ವಿಡಿಯೋ ತೋರಿಸುತ್ತಾನೆ. ಪಿನ್ನು ಚುಚ್ಚಿದ್ದು ತಪ್ಪೋ, ಬರೀ ಗೊಂದಲವೋ, ನನಗೆ ಇಂದಿಗೂ ಗೊತ್ತಿಲ್ಲ. ನಕ್ಕಿದ್ದು ಏನೆಂದು ಮಾತ್ರ ಗೊತ್ತು. ಮನೆಯಲ್ಲಿ ಸೊಸೆ, "ಅವರು ಆಚೆ ಹೋಗಿದ್ದಾರೆ ಮಾವ," ಎಂದರೆ, "ಆಚೆ ಅಂದ್ರೆ ಎಲ್ಲಮ್ಮ?" ಎನ್ನುತ್ತೇನೆ. ಮಾವನಿಗೆ ಅರಳು ಮರಳು ಎಂದುಕೊಂಡು ಅವಳು ಒಳಗೆ ಹೋಗುತ್ತಾಳೆ. ಅವತ್ತು ಭೀಮಪ್ಪನನ್ನು ಕೇಳಬೇಕಾಗಿದ್ದ ಮಾತು ಅದು ಎಂದು ಅವಳಿಗೆ ಇನ್ನೂ ಹೇಳಿಲ್ಲ.