ಇಲಿಗೆ ವಾರಂಟಿ ಇಲ್ಲ

ಹೈದರಾಬಾದಿನ ಕೊಂಡಾಪುರದಲ್ಲಿ ಸಾಫ್ಟ್‌ವೇರ್ ಕಚೇರಿಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ. ಅಂಥದೊಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದ ನಾನೂ ಯುಗಧರ್ಮಕ್ಕೆ ತಲೆಬಾಗಿ ಕಾರು ಕೊಂಡೆ. ಕೊಂಡವನು ನಾನಾದರೂ ಅದರ ಪ್ರಚಾರದ ಹೊಣೆಯನ್ನು ವಿಜಾಪುರದಲ್ಲಿದ್ದ ನಮ್ಮ ಅತ್ತೆ ವಹಿಸಿಕೊಂಡರು. ದಸರೆ ಮುಗಿದ ಕೂಡಲೇ ಹೈದರಾಬಾದಿಗೆ ಹೊರಡುವುದಾಗಿಯೂ, ಅಳಿಯ ಸ್ಟೇಷನ್ನಿನಿಂದಲೇ ಹೊಸ ಕಾರಿನಲ್ಲಿ ಕರೆದೊಯ್ಯುವುದಾಗಿಯೂ ಓಣಿಗೆಲ್ಲ ಸಾರಿದರು. ಹೀಗೆ ಅತ್ತೆಯ ಮಾತಿನ ಮರ್ಯಾದೆ ನನ್ನ ನಾಲ್ಕು ಚಕ್ರಗಳ ಮೇಲೆ ನಿಂತಿತು.

ಆಯುಧಪೂಜೆಯ ಪೌರೋಹಿತ್ಯವನ್ನು ಅತ್ತೆ ಫೋನಿನಲ್ಲೇ ನಡೆಸಿದರು. ಹಾರ, ವಿಭೂತಿ, ಚಕ್ರದಡಿ ನಿಂಬೆಹಣ್ಣು, ಎಲ್ಲ ಆಯಿತು. ಕೊನೆಗೆ ಅಪ್ಪಣೆ: “ನೈವೇದ್ಯದ ಉಂಡಿ ಕಾರಿನ್ಯಾಗ ಇಡ್ರಿ. ಮುಂಜಾನಿ ತನಕ ಯಾರೂ ಮುಟ್ಟಬ್ಯಾಡ್ರಿ.”

ನಾವು ಮುಟ್ಟಲಿಲ್ಲ. ಊದಿನಕಡ್ಡಿಯ ಹೊಗೆ ಹೋಗಲೆಂದು ನನ್ನ ಹೆಂಡತಿ ಇಳಿಸಿದ್ದ ಕಿಟಕಿಯಿಂದ ಪಕ್ಕದ ಖಾಲಿ ಸೈಟಿನ ಇಲಿಯೊಂದು ಬಂದು ಮುಟ್ಟಿತು. ಉಂಡಿ ಮುಗಿಸಿ, ಬಾಯಾಡಿಸಲು ಡ್ಯಾಶ್‌ಬೋರ್ಡಿನ ಕೆಳಗಿನ ವೈರುಗಳನ್ನೂ ಕಡಿಯಿತು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಕಾರು ಕೆಮ್ಮಲೂ ಇಲ್ಲ.

ವರ್ಕ್‌ಶಾಪಿಗೆ ಎಳೆಸಿಕೊಂಡು ಹೋದೆ. ಅಲ್ಲಿ ಅಕ್ಕಪಕ್ಕ ಎರಡು ಮೇಜು: ಒಂದು ವಾರಂಟಿಯದು, ಇನ್ನೊಂದು ವಿಮೆಯದು. ಎರಡೂ ಕಾಗದ ಕೈಯಲ್ಲಿದ್ದ ನನಗೆ ಎಲ್ಲಿಲ್ಲದ ಧೈರ್ಯ. ಮೊದಲ ಮೇಜಿನಲ್ಲಿ ಇಲಿಯ ಸುದ್ದಿಯನ್ನೇ ಎತ್ತದೆ, ಹೊಸ ಕಾರಿನ ವೈರು ಇಷ್ಟು ಬೇಗ ತುಂಡಾಗಬಹುದೇ ಎಂದು ಗಂಭೀರವಾಗಿ ಕೇಳಿದೆ. ಟೈ ಕಟ್ಟಿದ ಯುವಕ ಹಲ್ಲಿನ ಗುರುತು ತೋರಿಸಿದ. “ಸಾರ್, ವಾರಂಟಿ ಇರುವುದು ನಮ್ಮ ತಯಾರಿಕೆಯ ದೋಷಕ್ಕೆ. ಇಲಿಯನ್ನು ನಾವು ತಯಾರಿಸಿಲ್ಲ.”

ಕುರ್ಚಿ ಬದಲಿಸುವಷ್ಟರಲ್ಲಿ ನನ್ನ ನಿಲುವೂ ಬದಲಾಯಿತು. ವಿಮೆಯ ಮೇಜಿನಲ್ಲಿ, ವೈರು ಅಪ್ಪಟ, ಇಲಿಯೊಂದೇ ದುಷ್ಟ ಎಂದು ವಾದಿಸಿದೆ. ಪಕ್ಕದ ಮೇಜಿನ ಟೈ ಕಟ್ಟಿದವನು ಎಲ್ಲವನ್ನೂ ಕೇಳಿಸಿಕೊಂಡು ಛಾವಣಿ ನೋಡುತ್ತಿದ್ದ. ಹೊರಗಿನಿಂದಾದ ಹಾನಿಗೆ ವಿಮೆ ಇದೆ, ಆದರೆ ಸರ್ವೇಯರ್ ಬಂದು ನೋಡುವ ತನಕ ಒಂದು ಸ್ಕ್ರೂ ಬಿಚ್ಚುವಂತಿಲ್ಲ ಎಂದರು ವಿಮೆಯವರು. ಸರ್ವೇಯರಿಗಿಂತ ಮೊದಲು ಅತ್ತೆ ಬಂದರು.

ಸ್ಟೇಷನ್ನಿನ ಹೊರಗೆ ಆಟೋ ಪಕ್ಕ ನಿಂತಿದ್ದ ನಮ್ಮನ್ನು ಕಂಡು ಅತ್ತೆ ಸುತ್ತಲೂ ನೋಡಿದರು. “ಕಾರ್ ಎಲ್ಲಿ ಐತ್ರಿ?”

“ದವಾಖಾನ್ಯಾಗ ಐತಿ ಯವ್ವಾ,” ಎಂದಳು ನನ್ನ ಹೆಂಡತಿ. “ನಿನ್ನ ಉಂಡಿ ತಿನ್ನಾಕ ಬಂದ ಇಲಿ ವೈರೂ ತಿಂದೈತಿ.”

“ಉಂಡಿ ಇಡು ಅಂದಿದ್ದೆ. ಕಿಡಕಿ ತೆಗದು ಇಲಿನ್ನ ಊಟಕ್ಕ ಕರಿ ಅಂದಿದ್ನೇನ?”

ಮರುದಿನ ಸರ್ವೇಯರ್ ಬಂದಾಗ ಅತ್ತೆಯೂ ಹಟಹಿಡಿದು ಬಂದರು. ಆತ ಬೀದರದವನು. ಇಲಿ ಒಳಗೆ ಹೇಗೆ ಬಂತು ಎಂಬುದಕ್ಕೆ ನಾನು ಘನವಾದ ಉತ್ತರವೊಂದನ್ನು ಹೊಸೆಯುತ್ತಿರುವಾಗಲೇ ಅತ್ತೆ ಮುಂದೆ ಬಂದರು. “ಉಂಡಿ ಇಡಸಿದಾಕಿ ನಾನ್ರಿ, ಸಾಹೇಬ್ರ. ಬರಕೊಳ್ರಿ.”

ವಿಮೆ ಮುಗಿಯಿತು ಎಂದುಕೊಂಡೆ. ಆತ ನಕ್ಕ. “ಉಂಡಿ ಯಾಕ ಇಟ್ರಿ ಅಂತ ಕೇಳೋದು ನನ್ನ ಕೆಲಸ ಅಲ್ಲರಿ ಅವ್ವಾರ. ಇಲಿ ಹೊರಗಿಂದೇ ಬಂದದಲ್ಲ?”

“ಮತ್ತ? ನಮ್ಮನ್ಯಾಗ ಇಲಿ ಇಲ್ರಿ!” ಎಂದಳು ನನ್ನ ಹೆಂಡತಿ, ಅವಮಾನವಾದವಳಂತೆ.

ವಿಮೆ ಮಂಜೂರಾಯಿತು. ರಿಪೇರಿಯಾದ ಕಾರನ್ನು ಮನೆ ಮುಂದೆ ನಿಲ್ಲಿಸಿದರೆ ಅತ್ತೆ ಸೂಟ್‌ಕೇಸ್ ಹಿಡಿದೇ ಇಳಿದು ಬಂದರು. “ನಡ್ರಿ, ಸ್ಟೇಷನ್ನಿಗೆ.”

ನಾನು ಗಾಬರಿಯಿಂದ ಕೇಳಿದೆ: “ಹೊರಟೇಬಿಟ್ರಾ?”

“ಇಲ್ರಿ, ಬರಾಕತ್ತೀನಿ. ಸ್ಟೇಷನ್ನಿಂದ ಕಾರಿನ್ಯಾಗ ಬಂದೆ ಅಂತ ಓಣ್ಯಾಗ ಹೇಳಬೇಕು. ಸುಳ್ಳ ಹೇಳಾಕ ನನಗ ಬರಂಗಿಲ್ಲ.”

ಅವರನ್ನು ಸ್ಟೇಷನ್ನಿನ ಬಾಗಿಲಲ್ಲಿಳಿಸಿ, ಒಂದು ಸುತ್ತು ಹಾಕಿ ಬಂದು ಎದುರು ನಿಲ್ಲಿಸಿದೆ. ಸೂಟ್‌ಕೇಸ್ ಇಸಿದುಕೊಂಡು, “ಪ್ರಯಾಣ ಸುಖವಾಯಿತೇ ಅತ್ತೆ?” ಎಂದೆ.

“ರೈಲಿನ್ಯಾಗ ಭಾಳ ಗದ್ಲ ಇತ್ತರಿ,” ಎನ್ನುತ್ತ ಅತ್ತೆ ಮುಂದಿನ ಸೀಟಿನಲ್ಲಿ ಕೂತು ಸೆರಗು ಸರಿಪಡಿಸಿಕೊಂಡರು.